ಕೆಸ್ಸಿಲ್ ಪಿಆರ್160ಎಲ್ ದೀಪ: ಲೋಹ ವೇಗವರ್ಧಕದ ಕ್ರಿಯೆಗೆ ಯಾವ ಬಣ್ಣ, ಎಷ್ಟು ದೂರ, ಎಷ್ಟು ತೀವ್ರತೆ

ಲ್ಯಾಬಿಗೆ ಫೋಟೊಕೆಮಿಸ್ಟ್ರಿಯ ದೀಪ ತರಿಸುವಾಗ ಎಲ್ಲರೂ ಮೊದಲು ನೋಡುವುದು ವ್ಯಾಟ್. ನಿಕ್ಕಲ್, ತಾಮ್ರ, ಪಲ್ಲೇಡಿಯಂಗಳ ಜೊತೆ ಬೆಳಕನ್ನು ಬಳಸುವವರಿಗೆ ಆ ಅಂಕಿಯಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಒಂದೇ ವಯಲ್‌ನಲ್ಲಿ (ಕ್ರಿಯೆ ನಡೆಸುವ ಸಣ್ಣ ಗಾಜಿನ ಸೀಸೆ) ಎರಡು ಮೂರು ದಾರಿಗಳು ತೆರೆದಿರುತ್ತವೆ. ಬೆಳಕಿನ ಬಣ್ಣ, ತೀವ್ರತೆ, ಸಮಯ ಮೂರೂ ಸೇರಿ ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುತ್ತವೆ. ಹಾಗಾಗಿ ದೀಪವನ್ನು ರಿಯೇಜೆಂಟ್ (ಕ್ರಿಯೆಗೆ ಹಾಕುವ ರಾಸಾಯನಿಕ) ಎಂದೇ ಎಣಿಸಿ, ಅದರ ಶುದ್ಧತೆ ಎಷ್ಟು, ಅಳತೆ ಹಿಡಿದು ಹಾಕಬಹುದೇ ಎಂದು ನೋಡಿ ಕೊಳ್ಳಬೇಕು. ಈ ಕಣ್ಣಿನಿಂದ ನೋಡಿದರೆ ಕೆಸ್ಸಿಲ್ ಪಿಆರ್160ಎಲ್ ಒಳ್ಳೆಯ ಖರೀದಿ. ಆದರೆ ದೀಪವೊಂದನ್ನೇ ತರಿಸಿ ಸುಮ್ಮನಾದರೆ ಅರ್ಧ ಕೆಲಸವೂ ಆಗುವುದಿಲ್ಲ.

ಕೆಸ್ಸಿಲ್ ಎಂಬುದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿರುವ ಡೈಕಾನ್ ಫೈಬರ್‌ಆಪ್ಟಿಕ್ಸ್ ಕಂಪನಿಯ ಬ್ರ್ಯಾಂಡ್. ಅಕ್ವೇರಿಯಂ ಇಟ್ಟುಕೊಂಡವರಿಗೆ ಈ ಹೆಸರು ಮೊದಲೇ ಗೊತ್ತು, ಹವಳ ಸಾಕುವ ತೊಟ್ಟಿಗಳ ಮೇಲೆ ತೂಗಾಡುವ ನೀಲಿ ದೀಪಗಳು ಇವರವೇ. ಪಿಆರ್ ಸಾಲು ರಸಾಯನಶಾಸ್ತ್ರದ ಲ್ಯಾಬಿಗೆಂದೇ ಬಂದದ್ದು. ಪಿಆರ್160ಎಲ್ ಏಳು ಬಣ್ಣಗಳಲ್ಲಿ ಸಿಗುತ್ತದೆ: 370, 390, 427, 440, 456, 467 ಮತ್ತು 525 ನ್ಯಾನೋಮೀಟರ್. ಒಂದು ದೀಪಕ್ಕೆ ಒಂದೇ ಬಣ್ಣ, ಬದಲಾಯಿಸಲು ಬರುವುದಿಲ್ಲ. ಬಣ್ಣಕ್ಕೆ ತಕ್ಕಂತೆ 40ರಿಂದ 50 ವ್ಯಾಟ್ ಆಸುಪಾಸಿನ ವಿದ್ಯುತ್ ಎಳೆಯುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ದಪ್ಪನೆಯ ಲೋಹದ ಉರುಳೆ, ಮೇಲೊಂದು ನಾಬ್. ನಾಬ್‌ನಲ್ಲಿ ತೀವ್ರತೆಯ ನಾಲ್ಕು ಹಂತಗಳಿವೆ, 25ರಿಂದ 100 ಪ್ರತಿಶತದವರೆಗೆ. ಬೇಕಾದಂತೆ ಬಗ್ಗಿಸುವ ಗೂಸ್‌ನೆಕ್ ಸ್ಟ್ಯಾಂಡ್ ಮತ್ತು ನಾಲ್ಕು ದೀಪಗಳನ್ನು ಸುತ್ತ ನಿಲ್ಲಿಸಿ ನಡುವೆ ವಯಲ್ ಇಡುವ ಫ್ಯಾನ್ ಸಹಿತದ ರಿಗ್ ಬೇರೆಯಾಗಿ ಕೊಳ್ಳಬೇಕು.

ನಮಗೆ ಇದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಭಾಗ ಆ ನಾಬ್. ಹೆಚ್ಚಿನವರು ಅದನ್ನು 100ಕ್ಕೆ ತಿರುಗಿಸಿ ಮರೆತುಬಿಡುತ್ತಾರೆ.

ಬಣ್ಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ತರಂಗಾಂತರವನ್ನು ಶಕ್ತಿಯಾಗಿ ಬರೆದಿಟ್ಟುಕೊಂಡರೆ ಯೋಚನೆ ಸುಲಭ. 28,591ನ್ನು ನ್ಯಾನೋಮೀಟರ್‌ನಿಂದ ಭಾಗಿಸಿದರೆ ಮೋಲ್‌ಗೆ ಇಷ್ಟು ಕಿಲೊಕ್ಯಾಲರಿ ಎಂದು ಸಿಗುತ್ತದೆ. 390ಕ್ಕೆ 73.3, 427ಕ್ಕೆ 67.0, 440ಕ್ಕೆ 65.0, 456ಕ್ಕೆ 62.7, 525ಕ್ಕೆ 54.5. ಇದನ್ನು ನೋಡಿದ ಕೂಡಲೇ "ಹೆಚ್ಚು ಶಕ್ತಿಯ ಬೆಳಕು ಕೊಟ್ಟರೆ ಹೆಚ್ಚು ಶಕ್ತಿಯ ವೇಗವರ್ಧಕ ಸಿಗುತ್ತದೆ" ಎಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು. ಫೋಟೊಕ್ಯಾಟಲಿಸ್ಟ್, ಎಂದರೆ ಬೆಳಕು ಹೀರಿ ಕೆಲಸ ಮಾಡುವ ವೇಗವರ್ಧಕ, ಬೆಳಕನ್ನು ಹೀರಿದ ಕ್ಷಣದಲ್ಲೇ ತನ್ನ ಅತ್ಯಂತ ಕೆಳಗಿನ ಟ್ರಿಪ್ಲೆಟ್ ಸ್ಥಿತಿಗೆ (ತುಸು ಹೊತ್ತು ಬಾಳುವ ಪ್ರಚೋದಿತ ಸ್ಥಿತಿ) ಇಳಿದುಬಿಡುತ್ತದೆ. ಇರಿಡಿಯಂ ಟ್ರಿಸ್‌ಫಿನೈಲ್‌ಪಿರಿಡಿನ್ ಎಂಬ ಫೋಟೊಕ್ಯಾಟಲಿಸ್ಟ್‌ಗೆ 390 ಕೊಡಿ, 456 ಕೊಡಿ, ಮುಂದಿನ ಅಣುವಿಗೆ ಅದು ದಾಟಿಸಬಲ್ಲ ಶಕ್ತಿ ಒಂದೇ.

ಹಾಗಾದರೆ ಬಣ್ಣದಿಂದ ಆಗುವುದೇನು? ವಯಲ್‌ನಲ್ಲಿರುವ ಹತ್ತು ಪದಾರ್ಥಗಳಲ್ಲಿ ಯಾವುದು ಬೆಳಕನ್ನು ಹೀರುತ್ತದೆ ಎಂಬುದು ನಿರ್ಧಾರವಾಗುತ್ತದೆ. ರುಥೇನಿಯಂ ಟ್ರಿಸ್‌ಬೈಪಿರಿಡಿನ್ 452ರ ಹತ್ತಿರ ಗರಿಷ್ಠವಾಗಿ ಹೀರುತ್ತದೆ. 4-ಸಿಝಡ್-ಐಪಿಎನ್ ಎಂಬ ಲೋಹವಿಲ್ಲದ ಫೋಟೊಕ್ಯಾಟಲಿಸ್ಟ್ 435ರ ಹತ್ತಿರ. ಫ್ಲೋರಿನ್ ಹಚ್ಚಿದ ಇರಿಡಿಯಂ ಸಂಯುಕ್ತದ ಗರಿಷ್ಠ 380ರ ಆಸುಪಾಸು, ನೀಲಿಯಲ್ಲಿ ಅದರ ಹೀರಿಕೆಯ ಬಾಲ ಮಾತ್ರ ಇರುತ್ತದೆ. ಇವೆಲ್ಲದರ ನಡುವೆ ಆರಿಲ್ ಗುಂಪು (ಬೆಂಝೀನ್‌ನಂತಹ ಉಂಗುರ) ಹೊತ್ತ ನಿಕ್ಕಲ್ ಮಧ್ಯಂತರಗಳೂ ನೇರಳೆ, ನೀಲಿ ಬೆಳಕನ್ನು ತಾವೇ ಹೀರಿ ಒಡೆಯಬಲ್ಲವು. ನಾವು ಹೇಳದೆ ಕೇಳದೆ ನಡೆಯುವ ಈ ಹೀರಿಕೆಯೇ ಸೆಲೆಕ್ಟಿವಿಟಿ (ಬೇಕಾದ ಉತ್ಪನ್ನವೇ ಹೆಚ್ಚು ಬರುವುದು) ಕೆಡುವುದಕ್ಕೆ ದೊಡ್ಡ ಕಾರಣ.

ಇಲ್ಲಿ ಕಿರಿದಾದ ಪಟ್ಟಿಯ ಎಲ್‌ಇಡಿಗೆ ಬೆಲೆ ಬರುತ್ತದೆ. 2014ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮ್ಯಾಕ್‌ಮಿಲನ್ ಮತ್ತು ಡಾಯ್ಲ್ ಕಾರ್ಬಾಕ್ಸಿಲಿಕ್ ಆಮ್ಲವನ್ನು ಆರಿಲ್ ಹ್ಯಾಲೈಡ್‌ಗೆ ಜೋಡಿಸಿ ತೋರಿಸಿದಾಗ ಬಳಸಿದ್ದು 26 ವ್ಯಾಟ್‌ನ ಸಾಧಾರಣ ಸಿಎಫ್‌ಎಲ್. ಅದೇ ವರ್ಷ ಮೊಲ್ಯಾಂಡರ್ ತಂಡವೂ ನಿಕ್ಕಲ್ ಮತ್ತು ಇರಿಡಿಯಂ ಜೋಡಿಯನ್ನು ಇನ್ನೊಂದು ದಿಕ್ಕಿನಿಂದ ತೋರಿಸಿತು. ಸಿಎಫ್‌ಎಲ್ ಬೆಳಕಿನಲ್ಲಿ ಎಲ್ಲ ಬಣ್ಣವೂ ಇದೆ, ಜೊತೆಗೆ ಪಾದರಸದ ಗೆರೆಗಳೂ ಇವೆ. ಕ್ರಿಯೆ ನಡೆಯುತ್ತದೆಯೇ ಎಂದು ನೋಡಲು ಅದು ಸಾಕು. ಯಾವ ಬಣ್ಣಕ್ಕೆ ಯಾವ ಉತ್ಪನ್ನ ಎಂದು ಕೇಳುವಾಗ ಸಾಲದು. ಅಂಗಡಿಯ ನೀಲಿ ಎಲ್‌ಇಡಿ ಪಟ್ಟಿಯನ್ನು ಬೀಕರ್‌ಗೆ ಸುತ್ತಿ ಮಾಡುವ ವ್ಯವಸ್ಥೆಯಲ್ಲಿ ಬಣ್ಣ ಸರಿ ಇರಬಹುದು, ಆದರೆ ಪಟ್ಟಿಯಿಂದ ಪಟ್ಟಿಗೆ ಗರಿಷ್ಠ ಬಿಂದು ಸರಿದಿರುತ್ತದೆ, ಬಿಸಿಯಾದಂತೆ ಬೆಳಕು ಇಳಿಯುತ್ತದೆ, ಆರು ತಿಂಗಳ ನಂತರ ಅದೇ ಪ್ರಯೋಗಕ್ಕೆ ಅದೇ ಫಲ ಬರುವುದಿಲ್ಲ.

ಪಿಆರ್160ಎಲ್‌ನ ಪಟ್ಟಿಯೂ ಗೆರೆಯಷ್ಟು ತೆಳ್ಳಗಿಲ್ಲ ಎಂಬುದು ನೆನಪಿರಲಿ. ನೀಲಿ ಎಲ್‌ಇಡಿಯ ಪಟ್ಟಿ ಅರ್ಧ ಎತ್ತರದಲ್ಲಿ ಸುಮಾರು 20 ನ್ಯಾನೋಮೀಟರ್ ಅಗಲ, ಹಸಿರಿನದು ಇನ್ನೂ ಅಗಲ. ಆದ್ದರಿಂದ 456 ಮತ್ತು 467 ಎರಡನ್ನೂ ಕೊಳ್ಳುವುದು ದುಡ್ಡು ದಂಡ, ಅವುಗಳ ಬೆಳಕು ಒಂದರ ಮೇಲೊಂದು ಬಿದ್ದಿರುತ್ತದೆ. ಬಣ್ಣದ ಪರಿಣಾಮ ನೋಡಬೇಕಾದರೆ ದೂರ ದೂರದ ಬಣ್ಣ ಬೇಕು. ಒಂದೇ ದೀಪಕ್ಕೆ ಹಣವಿದ್ದರೆ 440 ತೆಗೆದುಕೊಳ್ಳಿ. ರುಥೇನಿಯಂ, 4-ಸಿಝಡ್-ಐಪಿಎನ್, ಇರಿಡಿಯಂನ ಬಾಲ ಮೂರನ್ನೂ ಅದು ಮುಟ್ಟುತ್ತದೆ. ಎರಡನೆಯದು 525. ಮೂರನೆಯದು 390, ಅದೂ ಫೋಟೊಕ್ಯಾಟಲಿಸ್ಟ್ ಇಲ್ಲದೆ ನಿಕ್ಕಲ್ ಸಂಯುಕ್ತವನ್ನೇ ನೇರವಾಗಿ ಪ್ರಚೋದಿಸುವ ಕೆಲಸವಿದ್ದರೆ ಮಾತ್ರ. 370 ದೃಶ್ಯ ಬೆಳಕಿನ ಗಡಿಯಾಚೆ ನಿಂತಿದೆ, ಕಣ್ಣಿಗೂ ಚರ್ಮಕ್ಕೂ ಬೇರೆ ಎಚ್ಚರಿಕೆ ಬೇಕು.

ಇಂಗಾಲ–ಸಾರಜನಕ ಜೋಡಣೆ: ಕಡಿಮೆ ಬೆಳಕು ಗೆಲ್ಲುವ ಜಾಗ

ದೀಪ ಬಂದ ದಿನ ಅದನ್ನು ಪರೀಕ್ಷಿಸಲು ನಾವು ಸೂಚಿಸುವ ಕ್ರಿಯೆ ಆರಿಲ್ ಬ್ರೋಮೈಡ್ ಮತ್ತು ಅಮೈನ್ ಜೋಡಣೆ. 2016ರಲ್ಲಿ ಪ್ರಿನ್ಸ್‌ಟನ್ ಮತ್ತು ಔಷಧ ಕಂಪನಿ ಮರ್ಕ್ ಸೇರಿ ಪ್ರಕಟಿಸಿದ, ಲಿಗ್ಯಾಂಡ್ (ಲೋಹವನ್ನು ಹಿಡಿದಿಡುವ ಸಹಾಯಕ ಅಣು) ಇಲ್ಲದ ನಿಕ್ಕಲ್ ಲವಣದ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ. 8 ಮಿಲಿಲೀಟರ್ ವಯಲ್‌ಗೆ 4-ಬ್ರೋಮೋಬೆನ್‌ಝೋಟ್ರೈಫ್ಲೋರೈಡ್ 45 ಮಿಲಿಗ್ರಾಂ (0.20 ಮಿಲಿಮೋಲ್), ಡಾಬ್ಕೊ ಎಂಬ ಬೇಸ್ 40 ಮಿಲಿಗ್ರಾಂ (1.8 ಈಕ್ವಿವಲೆಂಟ್), ನಿಕ್ಕಲ್ ಬ್ರೋಮೈಡ್ ಗ್ಲೈಮ್ 3.1 ಮಿಲಿಗ್ರಾಂ (5 ಮೋಲ್ ಪ್ರತಿಶತ), ಪೈರೊಲಿಡಿನ್ 25 ಮೈಕ್ರೊಲೀಟರ್ (1.5 ಈಕ್ವಿವಲೆಂಟ್), ದ್ರಾವಕ ಡಿಎಂಎ 2 ಮಿಲಿಲೀಟರ್. ಫ್ಲೋರಿನ್ ಹಚ್ಚಿದ ಇರಿಡಿಯಂ ಬೇಕಾಗುವುದು 0.02 ಮೋಲ್ ಪ್ರತಿಶತ, ಎಂದರೆ 0.045 ಮಿಲಿಗ್ರಾಂ. ಅದನ್ನು ತೂಗುವ ಮಾತೇ ಇಲ್ಲ. 2.2 ಮಿಲಿಗ್ರಾಂ ಇರಿಡಿಯಂ ಸಂಯುಕ್ತವನ್ನು 5 ಮಿಲಿಲೀಟರ್ ಡಿಎಂಎಯಲ್ಲಿ ಕರಗಿಸಿ, ಫಾಯಿಲ್ ಸುತ್ತಿ ಇಟ್ಟುಕೊಂಡು, ಪ್ರತಿ ವಯಲ್‌ಗೆ 0.1 ಮಿಲಿಲೀಟರ್ ಹಾಕಿ. ಆ 0.1ನ್ನು ಒಟ್ಟು 2 ಮಿಲಿಲೀಟರ್‌ನಲ್ಲಿ ಸೇರಿಸಿಯೇ ಲೆಕ್ಕ ಹಿಡಿಯಬೇಕು.

ಸೆಪ್ಟಂ ಹಾಕಿ, ಉದ್ದ ಸೂಜಿಯನ್ನು ದ್ರವದ ತಳದವರೆಗೆ ಇಳಿಸಿ 15 ನಿಮಿಷ ಆರ್ಗಾನ್ ಹಾಯಿಸಿ. ಪೈರೊಲಿಡಿನ್ 87 ಡಿಗ್ರಿಗೆ ಕುದಿಯುವ ದ್ರವ, ಮೊದಲೇ ಹಾಕಿದರೆ ಆರ್ಗಾನ್ ಜೊತೆ ಹಾರಿಹೋಗುತ್ತದೆ. ಗ್ಯಾಸ್ ಹಾಯಿಸಿದ ಮೇಲೆ ಸಿರಿಂಜಿನಲ್ಲಿ ಸೇರಿಸಿ. ಒಂದೇ ಬ್ಯಾಚಿನಿಂದ ನಾಲ್ಕು ವಯಲ್ ಮಾಡಿ: 25, 50, 100 ಪ್ರತಿಶತಕ್ಕೆ ಒಂದೊಂದು, ನಾಲ್ಕನೆಯದಕ್ಕೆ ಫಾಯಿಲ್ ಸುತ್ತಿ ಅದೇ ದೀಪದ ಪಕ್ಕ, ಅದೇ ಬಿಸಿಯಲ್ಲಿ ಇಡಿ. ಕೋಣೆಯ ಉಷ್ಣತೆಯಲ್ಲಿ ಬೀರುವಿನೊಳಗೆ ಇಟ್ಟ "ಕತ್ತಲ ಕಂಟ್ರೋಲ್" ಏನನ್ನೂ ಸಾಬೀತು ಮಾಡುವುದಿಲ್ಲ.

ಅಳೆಯುವಾಗ ಒಂದು ಬಲೆ ಇದೆ. ಇಲ್ಲಿನ ಮುಖ್ಯ ಉಪಉತ್ಪನ್ನ, ಬ್ರೋಮಿನ್ ಹೋಗಿ ಹೈಡ್ರೋಜನ್ ಕೂತ ಅಣು, ಬೆನ್‌ಝೋಟ್ರೈಫ್ಲೋರೈಡ್. ಇದು 102 ಡಿಗ್ರಿಗೆ ಕುದಿಯುತ್ತದೆ. ವರ್ಕಪ್ ಮಾಡಿ ರೋಟಾವೇಪರ್‌ನಲ್ಲಿ ಒಣಗಿಸಿದರೆ ಉಪಉತ್ಪನ್ನ ಪೂರ್ತಿ ಹಾರಿಹೋಗಿ, ಸೆಲೆಕ್ಟಿವಿಟಿ ಅದ್ಭುತವಾಗಿದೆ ಎಂದು ಕಾಣುತ್ತದೆ. ಇನ್ನೂ ಕೆಟ್ಟದ್ದೆಂದರೆ ಫ್ಲೋರಿನ್ ಎನ್‌ಎಂಆರ್‌ಗೆ ಅನೇಕ ಲ್ಯಾಬುಗಳಲ್ಲಿ ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯಲು ತೂಕ ಗೊತ್ತಿರುವ ಪದಾರ್ಥ) ಆಗಿ ಹಾಕುವುದು ಇದೇ ಬೆನ್‌ಝೋಟ್ರೈಫ್ಲೋರೈಡ್! ಇಲ್ಲಿ ಫ್ಲೋರೋಬೆಂಝೀನ್ ಬಳಸಿ. ಆದರೂ ಮೂಲ ಬ್ರೋಮೈಡ್ ಮತ್ತು ಉಪಉತ್ಪನ್ನದ ಫ್ಲೋರಿನ್ ಗೆರೆಗಳು ತೀರಾ ಹತ್ತಿರ ಇರುತ್ತವೆ. ಆದ್ದರಿಂದ ಅವೆರಡರ ಅನುಪಾತಕ್ಕೆ ಜಿಸಿಯನ್ನೇ (ಗ್ಯಾಸ್ ಕ್ರೊಮಟೊಗ್ರಫಿ) ನಂಬಿ, ಅದೂ ಕಚ್ಚಾ ಮಿಶ್ರಣವನ್ನು ಒಣಗಿಸದೆ.

ಸುಲಭದ ಈ ಬ್ರೋಮೈಡ್‌ನಲ್ಲಿ ಮೂರು ತೀವ್ರತೆಗಳ ನಡುವೆ ದೊಡ್ಡ ವ್ಯತ್ಯಾಸ ಕಾಣದೇ ಇರಬಹುದು. 4-ಬ್ರೋಮೋಅನಿಸೋಲ್‌ನಂತಹ ಎಲೆಕ್ಟ್ರಾನ್ ತುಂಬಿದ ಬ್ರೋಮೈಡ್ ಹಾಕಿದಾಗ ಚಿತ್ರ ಬದಲಾಗುತ್ತದೆ. ತಿಳಿಯಾಗಿದ್ದ ದ್ರಾವಣ ಕಂದಾಗಿ, ಕಪ್ಪಾಗಿ, ದೀಪದ ಕಡೆಯ ಗಾಜಿನ ಒಳಮೈಗೆ ಮಸಿಯಂತಹ ಪದರ ಹತ್ತಿಕೊಳ್ಳುತ್ತದೆ. ಅದು ನಿಕ್ಕಲ್ ಬ್ಲ್ಯಾಕ್. ಅಲ್ಲಿಂದ ಮುಂದೆ ಬೆಳಕು ಒಳಗೆ ಹೋಗುವುದಿಲ್ಲ, ಹೋದರೂ ಕೆಲಸ ಮಾಡಲು ನಿಕ್ಕಲ್ ಉಳಿದಿರುವುದಿಲ್ಲ.

ಪಾಟ್ಸ್‌ಡ್ಯಾಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಬಾರ್ಥೊಲೊಮೌಸ್ ಪೀಬರ್ ತಂಡ 2020ರಲ್ಲಿ ಇದರ ಕಾರಣವನ್ನು ಬಿಡಿಸಿ ತೋರಿಸಿತು. ಬೆಳಕು ನಿಕ್ಕಲ್ ಮೇಲಿನ ಉತ್ಪನ್ನವನ್ನು ಬಿಡುಗಡೆ ಮಾಡಿಸಿ ಲೋಹವನ್ನು ಕೆಳ ಆಕ್ಸಿಡೀಕರಣ ಸ್ಥಿತಿಗೆ ತರುತ್ತದೆ. ಅಲ್ಲಿಂದ ಹೊಸ ಆರಿಲ್ ಬ್ರೋಮೈಡ್ ಬಂದು ಸೇರಿಕೊಳ್ಳಬೇಕು. ಎಲೆಕ್ಟ್ರಾನ್ ತುಂಬಿದ ಬ್ರೋಮೈಡ್ ನಿಧಾನವಾಗಿ ಸೇರುತ್ತದೆ. ಬೆಳಕಿನ ಹಂತ ಓಡುತ್ತಿದ್ದು ಸೇರುವ ಹಂತ ತೆವಳುತ್ತಿದ್ದರೆ, ನಡುವೆ ಕಾದು ನಿಂತ ಬರಿಯ ನಿಕ್ಕಲ್ ಒಂದಕ್ಕೊಂದು ಅಂಟಿ ಕಪ್ಪು ಪುಡಿಯಾಗುತ್ತದೆ. ಪರಿಹಾರ ಎರಡು ಕಡೆಯಿಂದ ಬರುತ್ತದೆ: ಸಬ್‌ಸ್ಟ್ರೇಟ್‌ನ ಸಾಂದ್ರತೆ ಏರಿಸಿ ಸೇರುವ ಹಂತವನ್ನು ಚುರುಕು ಮಾಡುವುದು, ಬೆಳಕಿನ ಹಂತವನ್ನು ನಿಧಾನಿಸುವುದು. ಅವರು ಯೂರಿಯಾ ಮತ್ತು ಆಕ್ಸಮೈಡ್‌ನಿಂದ ಮಾಡಿದ ಕಾರ್ಬನ್ ನೈಟ್ರೈಡ್ ಪುಡಿಯನ್ನು ಫೋಟೊಕ್ಯಾಟಲಿಸ್ಟ್ ಆಗಿ ಬಳಸಿ, ನೀಲಿಯ ಬದಲು ಹಸಿರು ಬೆಳಕಿಗೆ ಸರಿದು ಈ ಸಮತೋಲ ಸಾಧಿಸಿದರು.

ಇದೇ ದೀಪದಲ್ಲಿ ಅದನ್ನು ಅನುಸರಿಸುವ ಕ್ರಮ ಹೀಗಿರಲಿ. ಕಪ್ಪು ಕಂಡ ಕೂಡಲೇ ನಿಕ್ಕಲ್ ಹೆಚ್ಚಿಸಲು ಹೋಗಬೇಡಿ, ಕಪ್ಪು ಇನ್ನೂ ಹೆಚ್ಚುತ್ತದೆ. ಮೊದಲು ನಾಬ್‌ ಅನ್ನು 25ಕ್ಕೆ ಇಳಿಸಿ ಅಷ್ಟೇ ಸಮಯಕ್ಕೆ ಬದಲು ನಾಲ್ಕು ಪಟ್ಟು ಸಮಯ ಕೊಟ್ಟು ನೋಡಿ. ಆಮೇಲೆ 0.1 ಮೋಲಾರ್ ಇದ್ದದ್ದನ್ನು 0.4ಕ್ಕೆ ಏರಿಸಿ. ಅಷ್ಟಕ್ಕೂ ಬಗ್ಗದಿದ್ದರೆ 525ರ ದೀಪ ಮತ್ತು ಕಾರ್ಬನ್ ನೈಟ್ರೈಡ್. ಇರಿಡಿಯಂ ಹಾಕಿದ ವಯಲ್‌ಗೆ 525 ತೋರಿಸಿದರೆ ಏನೂ ಆಗುವುದಿಲ್ಲ, ಅದು ಹಸಿರನ್ನು ಹೀರುವುದೇ ಇಲ್ಲ. ಬಣ್ಣ ಬದಲಿಸುವಾಗ ಫೋಟೊಕ್ಯಾಟಲಿಸ್ಟ್ ಕೂಡ ಬದಲಾಗಬೇಕು ಎಂಬುದನ್ನು ಮರೆತು "ಹಸಿರು ಬೆಳಕು ಕೆಲಸ ಮಾಡುವುದಿಲ್ಲ" ಎಂದು ಬರೆದಿಡುವವರು ಬಹಳ.

ಇನ್ನೂ ಮುಂದೆ ಹೋದರೆ ಕೆಂಪು. 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರೊವಿಸ್ ತಂಡ ಆಸ್ಮಿಯಂ ಫೋಟೊಕ್ಯಾಟಲಿಸ್ಟ್ ಮತ್ತು ಕೆಂಪು ಬೆಳಕಿನಿಂದ ಇದೇ ಜೋಡಣೆ ನಡೆಸಿತು, ನೀಲಿಯಲ್ಲಿ ಕಾಡುವ ಅಡ್ಡಕ್ರಿಯೆಗಳನ್ನು ಅದರಿಂದ ತಗ್ಗಿಸಿತು. ಪಿಆರ್160ಎಲ್‌ನ ಏಳು ಬಣ್ಣಗಳಲ್ಲಿ ಕೆಂಪು ಇಲ್ಲ. ಈ ದಿಕ್ಕಿನಲ್ಲಿ ಕೆಲಸ ಮಾಡುವವರಿಗೆ ಇದು ನಿಜವಾದ ಕೊರತೆ.

ಇ ಮತ್ತು ಝಡ್: ಸಮಯವೇ ಸೆಲೆಕ್ಟಿವಿಟಿ

ಆಲ್ಕೈನ್‌ಗೆ ನಿಕ್ಕಲ್ ಮೂಲಕ ಏನಾದರೂ ಸೇರಿಸಿ ಆಲ್ಕೀನ್ ಮಾಡುವ ಕ್ರಿಯೆಗಳಲ್ಲಿ ಬೆಳಕು ಎರಡು ಕೆಲಸ ಮಾಡುತ್ತದೆ. ಮೊದಲು ನಿಕ್ಕಲ್ ಚಕ್ರವನ್ನು ತಿರುಗಿಸುತ್ತದೆ, ಆಮೇಲೆ ಹುಟ್ಟಿದ ಆಲ್ಕೀನ್‌ನ ಜ್ಯಾಮಿತಿಯನ್ನೇ ತಿರುಚುತ್ತದೆ. ಜೋಡಿಬಂಧದ ಎರಡು ತುದಿಗಳ ಮುಖ್ಯ ಗುಂಪುಗಳು ಎದುರು ಬದಿಯಲ್ಲಿದ್ದರೆ ಇ, ಒಂದೇ ಬದಿಯಲ್ಲಿದ್ದರೆ ಝಡ್. ಫೋಟೊಕ್ಯಾಟಲಿಸ್ಟ್‌ನ ಟ್ರಿಪ್ಲೆಟ್ ಶಕ್ತಿ ಸ್ಟೈರೀನ್ ಜಾತಿಯ ಇ ಆಲ್ಕೀನ್‌ಗೆ ದಾಟಿದರೆ ಅದು ತಿರುಗಿ ಝಡ್ ಆಗಬಹುದು. ಝಡ್ ರೂಪದಲ್ಲಿ ಆರಿಲ್ ಉಂಗುರ ಪಕ್ಕದ ಗುಂಪಿಗೆ ತಾಗಿ ಸಮತಲದಿಂದ ಹೊರಳಿರುವುದರಿಂದ ಅದರ ಟ್ರಿಪ್ಲೆಟ್ ಶಕ್ತಿ ಮೇಲಿರುತ್ತದೆ, ವಾಪಸು ಬರಲು ಶಕ್ತಿ ಸುಲಭವಾಗಿ ಸಿಗುವುದಿಲ್ಲ. ಹೀಗೆ ಸ್ಥಿರವಾದ ಇ ಕರಗುತ್ತಾ ಅಸ್ಥಿರವಾದ ಝಡ್ ಕೂಡಿಕೊಳ್ಳುತ್ತದೆ. 2014ರಲ್ಲಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ವೀವರ್ ತಂಡ ಆಲಿಲ್ ಅಮೈನ್‌ಗಳಲ್ಲಿ ಇದನ್ನು ಇರಿಡಿಯಂ ಟ್ರಿಸ್‌ಫಿನೈಲ್‌ಪಿರಿಡಿನ್‌ನಿಂದ ತೋರಿಸಿತು. 2019ರಲ್ಲಿ ಸೌದಿ ಅರೇಬಿಯದ ಕೌಸ್ಟ್ ವಿಶ್ವವಿದ್ಯಾಲಯದ ರ‍್ಯೂಪಿಂಗ್ ತಂಡ ಎಲೆಕ್ಟ್ರಾನ್ ವರ್ಗಾವಣೆ, ಶಕ್ತಿ ವರ್ಗಾವಣೆ ಎರಡನ್ನೂ ನಿಕ್ಕಲ್ ಜೊತೆ ಒಂದೇ ಪಾತ್ರೆಯಲ್ಲಿ ನಡೆಸಿ ಜ್ಯಾಮಿತಿ ನಿಗದಿಯಾದ ಆಲ್ಕೀನ್‌ಗಳನ್ನು ಕೊಟ್ಟಿತು.

ಯಾವುದು ಬೇಕೆಂದು ಆರಿಸುವ ಮೊದಲ ಕೀಲಿ ಫೋಟೊಕ್ಯಾಟಲಿಸ್ಟ್. ರುಥೇನಿಯಂ ಟ್ರಿಸ್‌ಬೈಪಿರಿಡಿನ್‌ನ ಟ್ರಿಪ್ಲೆಟ್ 46ರಿಂದ 49 ಕಿಲೊಕ್ಯಾಲರಿ, ಸ್ಟೈರೀನ್‌ಗೆ ಸಾಲದು, ಇ ಉಳಿಯುತ್ತದೆ. ಫ್ಲೋರಿನ್ ಹಚ್ಚಿದ ಇರಿಡಿಯಂನದು 61ರ ಆಸುಪಾಸು, ಝಡ್ ಕಡೆ ಎಳೆಯುತ್ತದೆ. ಎರಡನೆಯ ಕೀಲಿ ದೀಪದ ತೀವ್ರತೆ ಗುಣಿಸು ಸಮಯ. 2 ಗಂಟೆಗೆ ತೆಗೆದ ಮಾದರಿಯಲ್ಲಿ ಇ ಹೆಚ್ಚಿದ್ದು, ರಾತ್ರಿಯಿಡೀ ಬಿಟ್ಟ ಮಾದರಿಯಲ್ಲಿ ಝಡ್ ಹೆಚ್ಚಿದ್ದರೆ ಎರಡೂ ಸರಿ, ಆದರೆ ಎರಡನ್ನೂ "12 ಗಂಟೆ, ನೀಲಿ ಎಲ್‌ಇಡಿ" ಎಂದು ಬರೆದಿಟ್ಟರೆ ಮುಂದಿನವರು ಮಾಡಲಾರರು.

ಪಿಆರ್160ಎಲ್‌ನಲ್ಲಿ ಈ ಕೆಲಸಕ್ಕೆ 440, ನಾಬ್ 50, ದೂರ 5 ಸೆಂಟಿಮೀಟರ್‌ನಿಂದ ಶುರುಮಾಡಿ. 1, 2, 4, 8 ಗಂಟೆಗಳಿಗೆ ಆರ್ಗಾನ್ ತುಂಬಿದ ಸಿರಿಂಜಿನಲ್ಲಿ 50 ಮೈಕ್ರೊಲೀಟರ್ ತೆಗೆದು ಕಂದು ಬಣ್ಣದ ಎನ್‌ಎಂಆರ್ ಟ್ಯೂಬ್‌ಗೆ ಹಾಕಿ. ಎರಡೂ ಕಡೆ ಒಂದೊಂದು ಹೈಡ್ರೋಜನ್ ಇರುವ ಆಲ್ಕೀನ್ ಆದರೆ ಎನ್‌ಎಂಆರ್ ಗೆರೆಗಳ ಸೀಳು 15–16 ಹರ್ಟ್ಝ್ ಇದ್ದರೆ ಇ, 11–12 ಹರ್ಟ್ಝ್ ಇದ್ದರೆ ಝಡ್. ಮಾದರಿಯಲ್ಲಿ ಫೋಟೊಕ್ಯಾಟಲಿಸ್ಟ್ ಇನ್ನೂ ಇದೆ ಎಂಬುದನ್ನು ಮರೆಯಬಾರದು. ಆರ್ಗಾನ್‌ನಲ್ಲಿ ಮುಚ್ಚಿದ ಬಿಳಿ ಗಾಜಿನ ಟ್ಯೂಬನ್ನು ಕಿಟಕಿಯ ಬಳಿ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಬಿಟ್ಟರೆ ಬಿಸಿಲೇ ಅನುಪಾತವನ್ನು ಬದಲಿಸಬಲ್ಲದು. ಸಿಲಿಕಾದ ಸಣ್ಣ ಪ್ಲಗ್ ಮೂಲಕ ಹಾಯಿಸಿ ಇರಿಡಿಯಂ ತೆಗೆದುಬಿಡುವುದು ಒಳ್ಳೆಯದು. ಝಡ್ ಏರುತ್ತಾ ಹೋಗಿ ಎಲ್ಲಿ ನಿಂತಿತು ಎಂಬ ಗೆರೆಯನ್ನು ಒಮ್ಮೆ ಎಳೆದುಕೊಂಡರೆ ಮುಂದಿನ ಎಲ್ಲ ಸಬ್‌ಸ್ಟ್ರೇಟ್‌ಗೂ ದಿಕ್ಕು ಸಿಗುತ್ತದೆ. ಗೆರೆ ಏರಿ ಮತ್ತೆ ಇಳಿಯುವಂತಿದ್ದರೆ ಆಲ್ಕೀನ್ ಬೇರೆಯಾಗಿ ಕೆಡುತ್ತಿದೆ, ಒಟ್ಟು ದ್ರವ್ಯ ತೂಗಿ ನೋಡಿ.

ಆಮ್ಲಜನಕ ಇಲ್ಲಿ ನೇರ ಶತ್ರು. ಟ್ರಿಪ್ಲೆಟ್ ಶಕ್ತಿಯನ್ನು ಆಲ್ಕೀನ್‌ಗಿಂತ ಮೊದಲೇ ಕಸಿಯುತ್ತದೆ. ಆರ್ಗಾನ್ ಹಾಯಿಸಿದರೆ ಸಾಕೆನಿಸುವ ಕ್ರಿಯೆಗಳಲ್ಲೂ ಇ–ಝಡ್ ಅನುಪಾತ ದಿನದಿಂದ ದಿನಕ್ಕೆ ಕುಣಿಯುತ್ತಿದ್ದರೆ ಫ್ರೀಝ್–ಪಂಪ್–ಥಾ (ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸುವುದು) ಮೂರು ಸುತ್ತು ಮಾಡಿ ನೋಡಿ.

ದೀಪ ಬದಲಾಗದೆ ಉತ್ಪನ್ನ ಬದಲಾಗುವುದೂ ಉಂಟು. ಬಾಕ್-ಪ್ರೋಲಿನ್ ಎಂಬ ಕಾರ್ಬಾಕ್ಸಿಲಿಕ್ ಆಮ್ಲ ಮತ್ತು ಆರಿಲ್ ಹ್ಯಾಲೈಡ್ ತೆಗೆದುಕೊಳ್ಳಿ. ಅದರ ಕಾರ್ಬಾಕ್ಸಿಲೇಟ್ +0.95 ವೋಲ್ಟ್‌ಗೆ ಆಕ್ಸಿಡೀಕರಣವಾಗುತ್ತದೆ. ಫ್ಲೋರಿನ್ ಹಚ್ಚಿದ ಇರಿಡಿಯಂನ ಪ್ರಚೋದಿತ ಸ್ಥಿತಿಗೆ +1.21 ವೋಲ್ಟ್ ಇದೆ, ಆದ್ದರಿಂದ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದು ಇಂಗಾಲ–ಇಂಗಾಲ ಬಂಧ ಬರುತ್ತದೆ. ಇರಿಡಿಯಂ ಟ್ರಿಸ್‌ಫಿನೈಲ್‌ಪಿರಿಡಿನ್‌ಗೆ +0.31 ಮಾತ್ರ, ಆಮ್ಲವನ್ನು ಒಡೆಯಲಾರದು. ಅದು ಶಕ್ತಿಯನ್ನು ನಿಕ್ಕಲ್‌ಗೆ ದಾಟಿಸುತ್ತದೆ. 2017ರಲ್ಲಿ ಮ್ಯಾಕ್‌ಮಿಲನ್ ತಂಡ ಕಾರ್ಬಾಕ್ಸಿಲಿಕ್ ಆಮ್ಲಗಳಿಂದ ಆರಿಲ್ ಎಸ್ಟರ್ ಪಡೆದದ್ದು ಈ ದಾರಿಯಲ್ಲೇ. ಎರಡಕ್ಕೂ ಒಂದೇ ನೀಲಿ ದೀಪ ಸಾಕು.

ಬಿಸಿ

ದೀಪದ ಒಳಗೆ ಇರುವ ಫ್ಯಾನ್ ಎಲ್‌ಇಡಿಯನ್ನು ತಣಿಸುತ್ತದೆ, ವಯಲ್ ಅನ್ನು ಅಲ್ಲ. 5 ಸೆಂಟಿಮೀಟರ್ ದೂರದಲ್ಲಿ ಪೂರ್ತಿ ತೀವ್ರತೆಯ ಎರಡು ದೀಪಗಳ ನಡುವೆ ಗಾಳಿಯಿಲ್ಲದೆ ಇಟ್ಟ ಬಣ್ಣದ ದ್ರಾವಣ 50 ಡಿಗ್ರಿ ದಾಟುವುದು ಸಾಮಾನ್ಯ. ನಿಕ್ಕಲ್ ಕ್ರಿಯೆಗಳಲ್ಲಿ ಆ 25 ಡಿಗ್ರಿ ವ್ಯತ್ಯಾಸ ಬೆಳಕಿನ ಪರಿಣಾಮ ಎಂದು ತಪ್ಪಾಗಿ ಓದಲ್ಪಡುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆಯ ಗಾಳಿಯೇ 34 ಡಿಗ್ರಿ ಇರುವಾಗ ಫ್ಯಾನ್ ಕೂಡ ಆ ಗಾಳಿಯನ್ನೇ ಬೀಸುತ್ತದೆ, ಅದಕ್ಕಿಂತ ಕೆಳಗೆ ಇಳಿಸಲಾರದು.

ಅಳತೆ ಹೀಗೆ: ಅದೇ ದ್ರಾವಕ, ಅದೇ ಫೋಟೊಕ್ಯಾಟಲಿಸ್ಟ್ ಇರುವ ಡಮ್ಮಿ ವಯಲ್‌ನೊಳಗೆ ತೆಳು ಥರ್ಮೊಕಪಲ್ ಇಳಿಸಿ ಅರ್ಧ ಗಂಟೆ ಬಿಡಿ. ಬರಿ ದ್ರಾವಕ ಹಾಕಿದರೆ ಅದು ಬೆಳಕು ಹೀರುವುದಿಲ್ಲ, ಕಡಿಮೆ ತೋರಿಸುತ್ತದೆ. ಥರ್ಮೊಕಪಲ್‌ನ ತುದಿ ನೇರ ಬೆಳಕಿಗೆ ಬಿದ್ದರೆ ಹೆಚ್ಚು ತೋರಿಸುತ್ತದೆ, ಬಿಳಿ ಟೆಫ್ಲಾನ್ ಟೇಪ್ ಸುತ್ತಿ. ಫ್ಯಾನ್ ಸಾಲದಾದಾಗ ಜಾಕೆಟ್ ಇರುವ ಬೀಕರ್‌ನಲ್ಲಿ ನೀರು ಸುತ್ತಿಸುವುದು ಒಳ್ಳೆಯ ಉಪಾಯ. ಗ್ಲೈಕಾಲ್‌ಗೆ ಬಣ್ಣ ಬೆರೆಸಿದ ಕೂಲಂಟ್ ಮಾತ್ರ ಬೇಡ, ಹಸಿರು ಕೂಲಂಟ್ ನೀಲಿ ಬೆಳಕನ್ನು ತಾನೇ ಕುಡಿದುಬಿಡುತ್ತದೆ.

ತಾಮ್ರದ ಕೆಲಸ ಇನ್ನೂ ಕಠಿಣ. ಫು ಮತ್ತು ಪೀಟರ್ಸ್ ತಂಡಗಳು 2016ರಲ್ಲಿ ನೀಲಿ ಬೆಳಕು ಮತ್ತು ಕೈರಲ್ ಫಾಸ್ಫೀನ್ ಹೊತ್ತ ತಾಮ್ರದಿಂದ ಎಡ–ಬಲ ಕನ್ನಡಿ ರೂಪಗಳಲ್ಲಿ ಒಂದೇ ಕೈಯ ಉತ್ಪನ್ನ ಪಡೆದದ್ದು −40 ಡಿಗ್ರಿಯಲ್ಲಿ. ಅಷ್ಟು ತಣ್ಣಗಿನ ಫ್ಲಾಸ್ಕ್‌ಗೆ ಹೊರಗಿನಿಂದ ಹಿಮ ಕಟ್ಟಿಕೊಂಡು ಬೆಳಕು ಚದುರುತ್ತದೆ. ಬೆಳ್ಳಿ ಲೇಪವಿಲ್ಲದ ಪಾರದರ್ಶಕ ಡ್ಯೂವಾರ್ (ತಣ್ಣಗೆ ಕಾಯುವ ಜೋಡಿಗೋಡೆಯ ಪಾತ್ರೆ) ಬೇಕು, ಬಾಯಿಯ ಬಳಿ ಒಣ ನೈಟ್ರೋಜನ್ ಸಣ್ಣಗೆ ಹರಿಯುತ್ತಿರಬೇಕು. ಪಿಆರ್160ಎಲ್‌ಗೆ ರಿಗ್ ಇಲ್ಲಿ ಪ್ರಯೋಜನಕ್ಕೆ ಬಾರದು, ಗೂಸ್‌ನೆಕ್ ಬೇಕು.

ದೂರ, ಕಲಕು, ಗಾಜು

ಗೂಸ್‌ನೆಕ್ ಅನುಕೂಲವೂ ಹೌದು, ಈ ದೀಪದ ದುರ್ಬಲ ಕೊಂಡಿಯೂ ಹೌದು. ಬೆಂಡಾಗುತ್ತದೆ, ಯಾರೋ ತಳ್ಳುತ್ತಾರೆ, ದೂರ ತಪ್ಪುತ್ತದೆ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ ಎಂದು ಸ್ಥೂಲವಾಗಿ ಹಿಡಿದರೆ, 5 ಸೆಂಟಿಮೀಟರ್ ಇದ್ದದ್ದು 6 ಆದರೆ ತೀವ್ರತೆ 31 ಪ್ರತಿಶತ ಕಡಿಮೆ. 5 ಸೆಂಟಿಮೀಟರ್‌ಗೆ ಕತ್ತರಿಸಿದ ಮರದ ತುಂಡೊಂದನ್ನು ದೀಪದ ಮುಖಕ್ಕೂ ವಯಲ್‌ಗೂ ನಡುವೆ ಇಟ್ಟು ಹೊಂದಿಸಿ ತೆಗೆಯಿರಿ. ರಿಗ್ ಕೊಂಡರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ರಿಗ್‌ನಲ್ಲಿ ಬೇರೆ ಬೇರೆ ಬಣ್ಣದ ದೀಪ ಅಕ್ಕಪಕ್ಕ ಹಚ್ಚುವುದಾದರೆ ನಡುವೆ ಕಪ್ಪು ರಟ್ಟಿನ ಗೋಡೆ ನಿಲ್ಲಿಸಿ.

ಬೆಳಕು ಎಷ್ಟು ಒಳಗೆ ಹೋಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದರೆ ಕಲಕುವುದರ ಮಹತ್ವ ಅರ್ಥವಾಗುತ್ತದೆ. ರುಥೇನಿಯಂ ಸಂಯುಕ್ತದ ಹೀರುವ ಗುಣಾಂಕ 452ರಲ್ಲಿ ಸುಮಾರು 14,600. 1 ಮಿಲಿಮೋಲಾರ್ ದ್ರಾವಣದಲ್ಲಿ 90 ಪ್ರತಿಶತ ಬೆಳಕು ಮೊದಲ 0.7 ಮಿಲಿಮೀಟರ್‌ನಲ್ಲೇ ಮುಗಿಯುತ್ತದೆ. ವಯಲ್‌ನ ಉಳಿದ ಭಾಗ ಕತ್ತಲು. ದೊಡ್ಡ ಫ್ಲಾಸ್ಕ್‌ಗೆ ಹೋದಂತೆ ಕತ್ತಲೇ ಹೆಚ್ಚುತ್ತದೆ, ಕಾಯುವ ಹೊತ್ತೂ ಹೆಚ್ಚುತ್ತದೆ, ಅನುಪಾತವೂ ಬದಲಾಗುತ್ತದೆ. ಸೀಸಿಯಂ ಕಾರ್ಬೊನೇಟ್‌ನಂತಹ ಕರಗದ ಬೇಸ್ ಇದ್ದರೆ ಅದು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಸ್ಟರರ್ 1000 ಆರ್‌ಪಿಎಂ ಮೇಲೆ ಓಡುತ್ತಿರಬೇಕು. ಅಡ್ಡ ಕಡ್ಡಿಗಿಂತ ಪ್ಲಸ್ ಆಕಾರದ ಸ್ಟರ್ ಬಾರ್ ಸಣ್ಣ ವಯಲ್‌ಗೆ ವಾಸಿ.

ಒಂದು ಸಂಜೆ ಬಿಡುವು ಮಾಡಿಕೊಂಡು ಫೆರಿಆಕ್ಸಲೇಟ್ ಆಕ್ಟಿನೊಮೆಟ್ರಿ, ಎಂದರೆ ದೀಪದ ಬೆಳಕನ್ನು ರಾಸಾಯನಿಕ ಕ್ರಿಯೆಯಿಂದ ಅಳೆಯುವುದು, ಮಾಡಿಟ್ಟುಕೊಳ್ಳಿ. 0.15 ಮೋಲಾರ್ ದ್ರಾವಣಕ್ಕೆ 436 ನ್ಯಾನೋಮೀಟರ್‌ನಲ್ಲಿ ಕ್ವಾಂಟಂ ಇಳುವರಿ 1.01. ಬೆಳಕಿಗಿಟ್ಟ ನಂತರ ಫಿನಾಂಥ್ರೋಲಿನ್ ಸೇರಿಸಿ 510ರಲ್ಲಿ ಹೀರಿಕೆ ಓದಿ, ಗುಣಾಂಕ 11,100 ಹಿಡಿಯಿರಿ. ಈ ದೀಪದ ಮುಂದೆ ಕೆಲವೇ ಸೆಕೆಂಡುಗಳು ಸಾಕು, ನಿಮಿಷ ಬಿಟ್ಟರೆ ದ್ರಾವಣ ಪೂರ್ತಿ ಮುಗಿದು ಅಂಕಿ ಸುಳ್ಳಾಗುತ್ತದೆ. ದ್ರಾವಣವನ್ನು ಕೆಂಪು ಬೆಳಕಿನಲ್ಲೇ ತಯಾರಿಸಬೇಕು. 525ಕ್ಕೆ ಈ ವಿಧಾನ ಹೊಂದುವುದಿಲ್ಲ, ಅಲ್ಲಿ ಪವರ್ ಮೀಟರ್ ಬೇಕು.

ಕಣ್ಣಿಗೆ ಕಿತ್ತಳೆ ಬಣ್ಣದ, ನೀಲಿ ತಡೆಯುವ ಕನ್ನಡಕ. ತಂಪು ಕನ್ನಡಕ ಇದಕ್ಕೆ ಆಗದು. ಸುತ್ತ ಕಿತ್ತಳೆ ಅಕ್ರಿಲಿಕ್ ಹಾಳೆ ನಿಲ್ಲಿಸಿದರೆ ಪಕ್ಕದ ಬೆಂಚಿನವರಿಗೂ ಕ್ಷೇಮ. ಹಸಿರು ದೀಪಕ್ಕೆ ಆ ಕನ್ನಡಕ ನಡೆಯುವುದಿಲ್ಲ, 525 ಅದರಲ್ಲಿ ಹಾಯ್ದುಬರಬಹುದು. ಕನ್ನಡಕದ ಮೇಲೆ ಅಚ್ಚಾದ ತರಂಗಾಂತರ ಓದಿಕೊಳ್ಳಿ.

ಬೇರೆ ಆಯ್ಕೆಗಳು

ಪೆನ್ ಪಿಎಚ್‌ಡಿ ಎಂ2 ಎಂಬ ಮುಚ್ಚಿದ ರಿಯಾಕ್ಟರ್ 2017ರಲ್ಲಿ ಮ್ಯಾಕ್‌ಮಿಲನ್ ಗುಂಪು ಮತ್ತು ಮರ್ಕ್ ಸೇರಿ ಪ್ರಕಟಿಸಿದ ವಿನ್ಯಾಸದಿಂದ ಬಂದದ್ದು. ಬೆಳಕು, ಫ್ಯಾನ್, ಸ್ಟರರ್ ಮೂರೂ ಒಂದೇ ಪೆಟ್ಟಿಗೆಯಲ್ಲಿವೆ, ವಯಲ್ ಇಡುವ ಜಾಗ ಕದಲುವುದಿಲ್ಲ, ಮುಚ್ಚಳ ತೆಗೆದರೆ ಬೆಳಕು ಆರುತ್ತದೆ. ಬಣ್ಣದ ಮಾಡ್ಯೂಲ್ ಬದಲಾಯಿಸಬಹುದು. ಪ್ರತಿ ಸಲ ಅದೇ ಫಲ ಬರುವುದೊಂದನ್ನೇ ನೋಡಿದರೆ ಅದು ಪಿಆರ್160ಎಲ್‌ಗಿಂತ ಮೇಲು. ಆದರೆ ಒಮ್ಮೆಗೆ ಒಂದೇ ವಯಲ್. ಸೆಲೆಕ್ಟಿವಿಟಿ ಹುಡುಕುವವರಿಗೆ ಒಂದೇ ಬಾರಿಗೆ ನಾಲ್ಕು ವಯಲ್, ಮೂರು ತೀವ್ರತೆ, ಎರಡು ಬಣ್ಣ ಬೇಕಾಗುತ್ತದೆ. ಅಲ್ಲಿ ಬಿಡಿ ದೀಪಗಳೇ ಕೈಹಿಡಿಯುತ್ತವೆ. ಹೆಪಟೊಕೆಮ್‌ನ ಇವೊಲುಕೆಮ್ ಪೆಟ್ಟಿಗೆ ನಡುವಿನ ದಾರಿ: ಕನ್ನಡಿಗಳಿಂದ ಬೆಳಕನ್ನು ಹಲವು ವಯಲ್‌ಗಳಿಗೆ ಸಮವಾಗಿ ಹಂಚುತ್ತದೆ.

ಭಾರತದಲ್ಲಿ ಇವೆಲ್ಲ ಆಮದಿನ ಸಾಮಾನು. ಕೊಟೇಶನ್ ಕೇಳುವಾಗ ಅಡಾಪ್ಟರ್‌ನ ಪ್ಲಗ್ ಯಾವ ದೇಶದ್ದು, ರಿಗ್ ಸೇರಿದೆಯೇ, ದೀಪದ ಸ್ಪೆಕ್ಟ್ರಂ ಹಾಳೆ ಕೊಡುತ್ತಾರೆಯೇ ಎಂದು ಬರೆಸಿಕೊಳ್ಳಿ. ಒಂದು ಸಣ್ಣ ಯುಪಿಎಸ್ ಕೂಡ ಪಟ್ಟಿಯಲ್ಲಿರಲಿ. ನಾಲ್ಕು ದೀಪ ಸೇರಿ 200 ವ್ಯಾಟ್ ಅಷ್ಟೇ. ರಾತ್ರಿ ಕರೆಂಟ್ ಹೋಗಿ ಬಂದರೆ ದೀಪ ಆರಿದ್ದ ಹೊತ್ತು ನೋಟ್‌ಬುಕ್ಕಿನಲ್ಲಿ ದಾಖಲಾಗುವುದಿಲ್ಲ, ಇ–ಝಡ್ ಅನುಪಾತದಲ್ಲಿ ಮಾತ್ರ ಕಾಣುತ್ತದೆ.

ಗ್ರಾಂ ಮಟ್ಟಕ್ಕೆ ಏರಿಸಬೇಕಾದಾಗ ಇನ್ನಷ್ಟು ದೀಪ ಕೊಳ್ಳುವುದಕ್ಕಿಂತ ಇದೇ ದೀಪದ ಮುಂದೆ ಪಿಎಫ್‌ಎ ಕೊಳವೆಯ ಸುರುಳಿ ನಿಲ್ಲಿಸಿ ಹರಿವಿನಲ್ಲಿ ನಡೆಸುವುದು ಮೇಲು. ಒಳವ್ಯಾಸ 0.8 ಮಿಲಿಮೀಟರ್ ಇದ್ದರೆ ಮೇಲಿನ ಲೆಕ್ಕದ ಪ್ರಕಾರ ಬೆಳಕು ಹೆಚ್ಚು ಕಡಿಮೆ ಆಚೆ ದಡ ಮುಟ್ಟುತ್ತದೆ, ಪ್ರತಿ ಹನಿಗೂ ಒಂದೇ ಅಳತೆಯ ಬೆಳಕು ಸಿಗುತ್ತದೆ. ಸಮಯವನ್ನು ಪಂಪಿನ ವೇಗದಿಂದ ನಿಗದಿ ಮಾಡುವುದರಿಂದ ಇ ಬೇಕಾದಾಗ ಇ ಹಂತದಲ್ಲೇ ನಿಲ್ಲಿಸಬಹುದು. ಇದಕ್ಕೆ ಎಲ್ಲವೂ ಕರಗಿರಬೇಕು. ಸೀಸಿಯಂ ಕಾರ್ಬೊನೇಟ್ ಬದಲು ಕರಗುವ ಬೇಸ್‌ಗಳಾದ ಡಿಬಿಯು ಅಥವಾ ಟೆಟ್ರಾಮಿಥೈಲ್‌ಗ್ವಾನಿಡಿನ್ ಹಾಕಿ ನೋಡಿ. ಕಾರ್ಬನ್ ನೈಟ್ರೈಡ್ ಪುಡಿಯನ್ನು ಮಾತ್ರ ಈ ಕೊಳವೆಗೆ ಬಿಡಬೇಡಿ, ಮೊದಲ ತಿರುವಿನಲ್ಲೇ ಕಟ್ಟಿಕೊಳ್ಳುತ್ತದೆ.